ಹಳೆಯ ಮರಗೆಲಸ ಯಂತ್ರ: ಗುರುತು ಹಿಡಿಯುವ ಬಗೆ, ಬಿಡಿಭಾಗ ಹುಡುಕುವ ದಾರಿ

ಶಿರಸಿ, ಸಿದ್ದಾಪುರ, ಯಲ್ಲಾಪುರ ಈ ಮೂರೂ ತಾಲೂಕುಗಳು ಮರದ ನಾಡುಗಳು. ಕೆನರಾ ಅರಣ್ಯ ವೃತ್ತದ ಕೇಂದ್ರವಿರುವುದು ಶಿರಸಿಯಲ್ಲಿ. ಸಾಗವಾನಿ, ಮತ್ತಿ, ನಂದಿ, ಹೊನ್ನೆ, ಹಲಸು ಇವುಗಳ ಗುಣಸ್ವಭಾವ ಇಲ್ಲಿಯ ಬಾಲಕನಿಗೂ ಗೊತ್ತು. ಶಿರಸಿ, ಸಿದ್ದಾಪುರಗಳ ಗುಡಿಗಾರರ ಗಂಧದ ಕೆತ್ತನೆ ನಾಡಿನಾಚೆಗೂ ಹೆಸರಾದದ್ದು. ಬಾಚಿ, ಉಳಿ, ಕೊಡತಿ, ಕೀಸುಳಿ, ಬೈರಿಗೆ, ಗರಗಸ ಎಂಬ ಹೆಸರುಗಳೆಲ್ಲ ನಮ್ಮ ಭಾಷೆಯ ಹಳೆಯ ಆಸ್ತಿ. ಶರಣರಲ್ಲಿ ಒಬ್ಬರು ತಮ್ಮ ಉಪಕರಣದಿಂದಲೇ ಹೆಸರಾಗಿ ಬಾಚಿಕಾಯಕದ ಬಸವಯ್ಯನವರೆನಿಸಿದರು. ಬಾಚಿಯ ಕಾವು ಮುರಿದರೆ ಆಚಾರಿ ಮತ್ತೊಂದು ಕಾವನ್ನು ತಾನೇ ಕೆತ್ತಿಕೊಳ್ಳುತ್ತಾನೆ. ಆದರೆ ಅದೇ ಆಚಾರಿಯ ಅಂಗಳದಲ್ಲಿರುವ ಯಂತ್ರದ ಒಂದು ಬೇರಿಂಗ್ ಒಡೆದರೆ, ಅದನ್ನು ಕೈಯಲ್ಲಿ ಹಿಡಿದುಕೊಂಡು ಹುಬ್ಬಳ್ಳಿಯ ಅಂಗಡಿಯೊಂದರ ಮುಂದೆ ನಿಲ್ಲಬೇಕಾಗುತ್ತದೆ. ಯಾವ ಕಂಪನಿಯ ಯಂತ್ರವೆಂದು ಅಂಗಡಿಯವನು ಕೇಳಿದಾಗ ಅವನಲ್ಲಿ ಉತ್ತರವಿರುವುದಿಲ್ಲ.

ಪ್ರಸ್ತುತ ಲೇಖನದ ವಿಷಯ ಇದೇ. ಹಲಗೆ ನಯಮಾಡುವುದು, ಸೀಳುವುದು, ಒಂದೇ ದಪ್ಪಕ್ಕೆ ತರುವುದು, ಕಿಂಡಿ ಕೊರೆಯುವುದು ಮುಂತಾದ ನಾಲ್ಕೈದು ಕೆಲಸಗಳನ್ನು ಒಂದೇ ಮೈಯಲ್ಲಿ ಹೊತ್ತ ಬಹೂಪಯೋಗಿ ಯಂತ್ರವನ್ನು ಕೆಲಸಗಾರರು ಒಟ್ಟಾಗಿ ರಂದಾ ಮಷಿನ್ ಎನ್ನುತ್ತಾರೆ. ಇಂಥ ಯಂತ್ರಗಳು ಕೈಯಿಂದ ಕೈಗೆ ಬಂದು, ಕೆಲವೊಮ್ಮೆ ದಾನವಾಗಿ ಶಾಲೆಗಳ ಮರಗೆಲಸದ ಕೋಣೆಯನ್ನೂ ಸೇರುತ್ತವೆ. ಒಂದು ಭಾಗ ಸಿಗದೆ ವರ್ಷಗಟ್ಟಲೆ ಮೂಲೆಯಲ್ಲಿ ತುಕ್ಕು ಹಿಡಿಯುವುದೂ ಉಂಟು. ಕನ್ನಡ ಪಂಡಿತನಿಗೆ ಯಂತ್ರದ ಗೊಡವೆಯೇಕೆಂದು ಯಾರಾದರೂ ಕೇಳಿಯಾರು. ಕರ್ತೃವಿನ ಹೆಸರಿಲ್ಲದ ಓಲೆಗರಿಯನ್ನು ಮುಂದಿಟ್ಟುಕೊಂಡು ಕುಳಿತವನಿಗೆ ಈ ಕೆಲಸ ತೀರ ಹೊಸದಲ್ಲ ಎಂಬುದಷ್ಟೇ ನನ್ನ ಸಮಾಧಾನ. ಅಂಕಿತವಿದ್ದರೆ ಸರಿ, ಇಲ್ಲದಿದ್ದರೆ ಒಳಗಿನ ಸಾಕ್ಷ್ಯವನ್ನು ಓದಬೇಕು.

ಮೊದಲು ಕುಲವನ್ನು ತಿಳಿಯಬೇಕು. ಈ ಯಂತ್ರಗಳಲ್ಲಿ ಸ್ಥೂಲವಾಗಿ ಎರಡು ಕುಲಗಳಿವೆ. ಒಂದರಲ್ಲಿ ತಿರುಗುವ ಒಂದೇ ತಲೆಯಿದ್ದು, ಅದನ್ನು ಮಲಗಿಸಿ, ನಿಲ್ಲಿಸಿ, ಬೇರೆ ಬೇರೆ ಉಪಕರಣಗಳನ್ನು ಸಿಕ್ಕಿಸಿ ಎಲ್ಲ ಕೆಲಸವನ್ನೂ ಮಾಡಿಸುತ್ತಾರೆ. ಅಮೆರಿಕದಲ್ಲಿ ಹಾನ್ಸ್ ಗೋಲ್ಡ್‌ಶ್ಮಿಟ್ ರೂಪಿಸಿ 1947ರಲ್ಲಿ ಮಾರುಕಟ್ಟೆಗೆ ಬಂದ ಶಾಪ್‌ಸ್ಮಿತ್ ಇದರ ಪ್ರಸಿದ್ಧ ಮಾದರಿ. ನಮ್ಮ ಕಡೆ ಕಾಣುವುದು ಬಹುತೇಕ ಎರಡನೆಯ ಕುಲ. ಅದರಲ್ಲಿ ಅಲಗುಗಳನ್ನು ಹೊತ್ತು ತಿರುಗುವ ಉಕ್ಕಿನ ದಿಂಡು ನಡುವೆ ಇರುತ್ತದೆ. ಮುಂದೊಂದು ಹಿಂದೊಂದು ಬೀಡುಕಬ್ಬಿಣದ ಮೇಜು. ದಿಂಡಿನ ಶಾಫ್ಟಿನ ತುದಿಗೆ ಕೊರೆಯುವ ಬೈರಿಗೆ, ಪಕ್ಕದಲ್ಲಿ ಚಕ್ರಗರಗಸ. ಪಂಜಾಬಿನ ಬಟಾಲಾ, ಲೂಧಿಯಾನಾ, ಗುಜರಾತಿನ ರಾಜಕೋಟ ಮುಂತಾದ ಊರುಗಳ ಕಾರ್ಖಾನೆಗಳು ಇಂಥ ಯಂತ್ರಗಳನ್ನು ದೇಶಕ್ಕೆಲ್ಲ ಕಳುಹಿಸಿವೆ. ಒಬ್ಬನ ಮಾದರಿಯನ್ನು ಮತ್ತೊಬ್ಬ ನೋಡಿ ಎರಕ ಹೊಯ್ಯುವುದು ಈ ವ್ಯವಹಾರದ ಹಳೆಯ ರೂಢಿ. ಆದುದರಿಂದ ರೂಪ ಒಂದೇ ಆದ ಮಾತ್ರಕ್ಕೆ ತಯಾರಕನೂ ಒಬ್ಬನೇ ಎಂದು ನಿರ್ಣಯಿಸಲಾಗದು.

ಹೆಸರಿನ ಫಲಕವಿದ್ದರೂ ಎಚ್ಚರ ಬೇಕು. ಮೊಳೆ ಹೊಡೆದು ಕೂರಿಸಿದ ಹಿತ್ತಾಳೆಯ ತಗಡು ತಯಾರಕನದಾಗಿರದೆ ಮಾರಿದವನದಾಗಿರಬಹುದು. ಪ್ರತಿಕಾರನ ಹೆಸರನ್ನೇ ಕವಿಯ ಹೆಸರೆಂದು ಭ್ರಮಿಸಿದಂತೆ ಆದೀತು. ಮೈಯ ಎರಕದಲ್ಲೇ ಉಬ್ಬಿ ನಿಂತ ಅಕ್ಷರಗಳು ಹೆಚ್ಚು ನಂಬಿಕೆಗೆ ಅರ್ಹ; ಬಣ್ಣದ ಪದರಗಳನ್ನು ಕೆರೆದು, ಮೇಜಿನ ಅಡಿಯನ್ನೂ ಕಾಲುಗಳ ಒಳಮೈಯನ್ನೂ ದೀಪ ಹಿಡಿದು ನೋಡಬೇಕು. ಅಲ್ಲಿ ಸಿಗುವ ಅಂಕೆ ಯಂತ್ರದ ಕ್ರಮಸಂಖ್ಯೆಯಾಗಿರದೆ ಎರಕದ ಅಚ್ಚಿನ ಸಂಖ್ಯೆಯೂ ಆಗಿರಬಹುದು. ಬಣ್ಣ ಮಾತ್ರ ಯಾವ ಸಾಕ್ಷ್ಯವೂ ಅಲ್ಲ. ಮಾರುವವನು ಮೊದಲು ಮಾಡುವ ಕೆಲಸವೇ ಬಣ್ಣ ಬಳಿಯುವುದು.

ಇನ್ನು ತಿರುಪುಗಳು. ಇವು ಸುಳ್ಳು ಹೇಳುವುದು ಕಡಿಮೆ. ಅರ್ಧ ಇಂಚಿನ ಬೋಲ್ಟೊಂದನ್ನು ಬಿಚ್ಚಿ, ಒಂದು ಇಂಚಿನಲ್ಲಿ ಎಷ್ಟು ಸುತ್ತುಗಳಿವೆಯೆಂದು ಎಣಿಸಿದರೆ ಬಹಳ ಸಂಗತಿ ತಿಳಿಯುತ್ತದೆ. 12 ಸುತ್ತುಗಳಿದ್ದರೆ ಅದು ಇಂಗ್ಲೆಂಡಿನ ವಿಟ್‌ವರ್ತ್ ಪದ್ಧತಿ. 13 ಇದ್ದರೆ ಅಮೆರಿಕದ್ದು. ಮೆಟ್ರಿಕ್ ಪದ್ಧತಿಯ 12 ಮಿಲಿಮೀಟರ್ ಬೋಲ್ಟಿನಲ್ಲಿ ಸುತ್ತಿನಿಂದ ಸುತ್ತಿಗೆ ಸಾಮಾನ್ಯವಾಗಿ 1.75 ಮಿಲಿಮೀಟರ್ ಅಂತರವಿರುತ್ತದೆ. ನಮ್ಮ ದೇಶದಲ್ಲಿ ಮೆಟ್ರಿಕ್ ಅಳತೆಗೆ ಕಾನೂನು ಆದದ್ದು 1956ರಲ್ಲಿ. ಆದರೂ ವಿಟ್‌ವರ್ತ್ ತಿರುಪನ್ನು ಕಂಡೊಡನೆ ಯಂತ್ರ ಅದಕ್ಕಿಂತ ಹಳೆಯದೆಂದು ತೀರ್ಮಾನಿಸಬಾರದು; ಹಳೆಯ ಅಚ್ಚುಗಳೊಂದಿಗೆ ಹಳೆಯ ತಿರುಪುಗಳೂ ಬಹುಕಾಲ ಮುಂದುವರಿದವು. ಒಂದು ಮಾತು ಖಚಿತ: 12ರ ಬೋಲ್ಟನ್ನು 13ರ ನಟ್ಟಿಗೆ ಪಾನಾ ಹಾಕಿ ಬಲವಂತದಿಂದ ತಿರುಗಿಸಿದರೆ ಎರಡೂ ಕೆಡುತ್ತವೆ.

ಆಚಾರಿಗಳು ಸೂತದ ಲೆಕ್ಕದಲ್ಲಿ, ಎಂದರೆ ಇಂಚಿನ ಎಂಟನೆಯ ಒಂದು ಪಾಲಿನಲ್ಲಿ, ಅಳೆಯುವುದುಂಟು. ಬಾಗಿಲ ಚೌಕಟ್ಟಿಗೆ ಅದು ಸಾಕು, ಶಾಫ್ಟಿಗೆ ಸಾಲದು. ಒಂದು ಇಂಚು ಎಂದರೆ 25.4 ಮಿಲಿಮೀಟರ್. 25ರ ಶಾಫ್ಟಿಗೆ ಒಂದಿಂಚು ರಂಧ್ರದ ಗರಗಸ ಸುಲಭವಾಗಿಯೇ ಸೇರೀತು. ಆದರೆ ನಡುವೆ ಕೂರದೆ ಓಲಾಡುತ್ತ ತಿರುಗೀತು. ಆದ್ದರಿಂದ ವರ್ನಿಯರ್ ಕ್ಯಾಲಿಪರ್ ಇಲ್ಲದೆ ಈ ಶೋಧಕ್ಕೆ ಹೊರಡಲೇಬಾರದು. ನಮ್ಮ ಪ್ರೌಢಶಾಲೆಗಳ ವಿಜ್ಞಾನ ಪ್ರಯೋಗಶಾಲೆಯಲ್ಲಿ ಅದು ಇದ್ದೇ ಇರುತ್ತದೆ.

ಹಸ್ತಪ್ರತಿಗಳಲ್ಲಿ ಪ್ರಕ್ಷಿಪ್ತ ಪದ್ಯಗಳಿರುವಂತೆ ಹಳೆಯ ಯಂತ್ರಗಳಲ್ಲಿ ನಂತರ ಸೇರಿದ ಭಾಗಗಳಿರುತ್ತವೆ. ಅವುಗಳಲ್ಲಿ ಮುಖ್ಯವಾದದ್ದು ಮೋಟಾರು. ಇದನ್ನು ಸ್ವಲ್ಪ ವಿಸ್ತರಿಸಿ ಹೇಳಬೇಕು, ಏಕೆಂದರೆ ಇಲ್ಲಿ ಪ್ರಾಣದ ಪ್ರಶ್ನೆಯಿದೆ. ಯಂತ್ರದೊಂದಿಗೆ ಬಂದ ಮೋಟಾರು ನಿಮಿಷಕ್ಕೆ ಸುಮಾರು 1440 ಸುತ್ತುಗಳದ್ದೆಂದೂ, ಅದರ ಪುಲ್ಲಿ 6 ಇಂಚು, ದಿಂಡಿನ ಪುಲ್ಲಿ 2 ಇಂಚು ಎಂದೂ ಇಟ್ಟುಕೊಳ್ಳೋಣ. ಆಗ ದಿಂಡು ನಿಮಿಷಕ್ಕೆ 4320 ಸುತ್ತು ತಿರುಗುತ್ತದೆ. ಇದು ಯೋಗ್ಯವಾದ ವೇಗ. ಆ ಮೋಟಾರು ಸುಟ್ಟುಹೋದಾಗ ತೋಟದ ಪಂಪಿನ ಮೋಟಾರು ಕೈಗೆ ಸಿಗುತ್ತದೆ, ಅದನ್ನೇ ಜೋಡಿಸಿಬಿಡುತ್ತಾರೆ. ಆದರೆ ಪಂಪಿನ ಮೋಟಾರುಗಳಲ್ಲಿ ಅನೇಕವು ಸುಮಾರು 2880 ಸುತ್ತಿನವು. ಪುಲ್ಲಿ ಬದಲಿಸದಿದ್ದರೆ ದಿಂಡಿನ ವೇಗ 8640ಕ್ಕೆ ಏರುತ್ತದೆ. ವೇಗ ಇಮ್ಮಡಿಯಾದರೆ ಅಲಗನ್ನು ಹೊರಕ್ಕೆಸೆಯುವ ಬಲ ನಾಲ್ಮಡಿಯಾಗುತ್ತದೆ. ಬಿಗಿಪಟ್ಟಿಯ ತಿರುಪುಗಳು ಆ ಬಲಕ್ಕಾಗಿ ಮಾಡಿದವುಗಳಲ್ಲ. ಕೆಲಸ ಬಹಳ ನಯವಾಗಿ ಬರುತ್ತಿದೆ ಎಂದು ಯಜಮಾನನು ಸಂತೋಷಪಡುತ್ತಿರುವಾಗಲೇ ಅಲಗು ಕಳಚಿ ಹಾರಬಹುದು. ಹಳೆಯ ಯಂತ್ರವನ್ನು ನೋಡಹೋದವರು ಮೋಟಾರಿನ ಫಲಕದ ಸುತ್ತಿನ ಸಂಖ್ಯೆಯನ್ನೂ ಎರಡು ಪುಲ್ಲಿಗಳ ವ್ಯಾಸವನ್ನೂ ಬರೆದುಕೊಂಡು ಈ ಗುಣಾಕಾರ ಭಾಗಾಕಾರ ಮಾಡಿದ ಮೇಲೆಯೇ ಸ್ವಿಚ್ಚಿಗೆ ಕೈ ಹಾಕಬೇಕು. ತಿರುಗುವ ದಿಕ್ಕೂ ಸರಿಯಿರಬೇಕು. ಮೂರು ಫೇಸಿನ ಮೋಟಾರು ತಿರುವುಮುರುವಾಗಿದ್ದರೆ ವಿದ್ಯುತ್ ಕೆಲಸದವನು ಮೂರರಲ್ಲಿ ಯಾವುದೇ ಎರಡು ತಂತಿಗಳನ್ನು ಅದಲುಬದಲು ಮಾಡಿ ಸರಿಪಡಿಸುತ್ತಾನೆ.

ಗುರುತು ಪೂರ್ತಿ ಹತ್ತದಿದ್ದರೆ ನಿರಾಶರಾಗಬೇಕಿಲ್ಲ. ಸವೆಯುವ ಭಾಗಗಳಲ್ಲಿ ಹೆಚ್ಚಿನವು ಯಾವ ಒಬ್ಬ ತಯಾರಕನ ಸೊತ್ತೂ ಅಲ್ಲ. ಬೇರಿಂಗನ್ನೇ ನೋಡಿ. ಅದರ ಅಂಚಿನಲ್ಲಿ 6205 ಎಂದಿದ್ದರೆ, ಜಗತ್ತಿನ ಯಾವ ಮೂಲೆಯಲ್ಲಿ ಕೊಂಡರೂ ಒಳವ್ಯಾಸ 25, ಹೊರವ್ಯಾಸ 52, ಅಗಲ 15 ಮಿಲಿಮೀಟರ್. 04ರಿಂದ ಮೇಲಕ್ಕೆ ಕೊನೆಯ ಎರಡಂಕಿಗಳನ್ನು ಐದರಿಂದ ಗುಣಿಸಿದರೆ ಒಳವ್ಯಾಸ ದೊರೆಯುತ್ತದೆ. 6204ಕ್ಕೆ 20, 6206ಕ್ಕೆ 30. ಛಂದಸ್ಸಿನ ಗಣದಂತೆ ಕಟ್ಟುನಿಟ್ಟು. ಸಂಖ್ಯೆ ಅಳಿಸಿಹೋಗಿದ್ದರೆ ಮೂರು ಅಳತೆಗಳನ್ನು ಹೇಳಿದರೂ ಅಂಗಡಿಯವನು ಸಂಖ್ಯೆ ಹೇಳುತ್ತಾನೆ. ಮರದ ಹುಡಿ ಒಳನುಗ್ಗದಂತೆ ಎರಡೂ ಬದಿಗೆ ರಬ್ಬರಿನ ಮುಚ್ಚಳವಿರುವುದನ್ನು ಕೇಳಿ ಪಡೆಯಬೇಕು.

ಬೆಲ್ಟಿನ ಮೇಲೆ ಎ 42, ಬಿ 52 ಎಂಬಂತೆ ಬರೆದಿರುತ್ತದೆ. ಎ ಎಂದರೆ ಮೇಲಗಲ 13 ಮಿಲಿಮೀಟರ್, ಬಿ ಎಂದರೆ 17. ಸಂಖ್ಯೆ ಒಳಸುತ್ತಿನ ಉದ್ದ, ಇಂಚುಗಳಲ್ಲಿ. ಬರಹ ಅಳಿಸಿದ್ದರೆ ಎರಡೂ ಪುಲ್ಲಿಗಳ ಅಂಚಿನ ಮೇಲೆ ದಾರ ಸುತ್ತಿ ಅಳೆದು, ಎ ಆದರೆ ಸುಮಾರು 2, ಬಿ ಆದರೆ ಸುಮಾರು ಎರಡೂಮುಕ್ಕಾಲು ಇಂಚು ಕಳೆಯಬೇಕು. ಜೋಡಿ ಬೆಲ್ಟಿದ್ದಲ್ಲಿ ಒಂದನ್ನೇ ಬದಲಿಸುವ ಜಿಪುಣತನ ಬೇಡ. ಇವನ್ನೆಲ್ಲ ಮರಗೆಲಸದ ಯಂತ್ರದ ಅಂಗಡಿಯಲ್ಲೇ ಹುಡುಕಬೇಕೆಂಬ ನಿಯಮವಿಲ್ಲ. ಅಡಕೆ ಸುಲಿಯುವ ಯಂತ್ರ, ಹಿಟ್ಟಿನ ಗಿರಣಿ, ಪಂಪುಗಳನ್ನು ರಿಪೇರಿ ಮಾಡುವವರಲ್ಲಿ ಇದೇ ಜಾತಿಯ ಬೇರಿಂಗು ಬೆಲ್ಟುಗಳು ದೊರೆಯುವುದುಂಟು. ಸಿಗದಿದ್ದಾಗ ಯಲ್ಲಾಪುರ, ಶಿರಸಿಗಳವರಿಗೆ ಹುಬ್ಬಳ್ಳಿ, ಸಿದ್ದಾಪುರದವರಿಗೆ ಸಾಗರ, ಶಿವಮೊಗ್ಗ ಇದ್ದೇ ಇವೆ.

ಅಲಗುಗಳ ವಿಷಯದಲ್ಲಿ ಭಾಷೆಯೇ ಒಂದು ತೊಡಕು. ನಾವು ಕೀಸುಳಿ ಎನ್ನುತ್ತೇವೆ, ಕೆಲವರು ತೋಪಡ ಎನ್ನುತ್ತಾರೆ, ಹುಬ್ಬಳ್ಳಿಯ ಕಡೆ ರಂದಾ. ಮೈ ಸಮ ಮಾಡುವ ಯಂತ್ರವೂ ದಪ್ಪ ಸಮ ಮಾಡುವ ಯಂತ್ರವೂ ಪೇಟೆಯಲ್ಲಿ ರಂದಾ ಎಂದೇ ಕರೆಸಿಕೊಳ್ಳುತ್ತವೆ. ಇಂಗ್ಲಿಷಿನವರೂ ಇದರಲ್ಲಿ ನಮಗಿಂತ ಮೇಲಲ್ಲ. ಪ್ಲೇನರ್ ಎಂದರೆ ಬ್ರಿಟನ್ನಿನವನು ಮೈ ಸಮ ಮಾಡುವುದನ್ನು ತಿಳಿಯುತ್ತಾನೆ, ಅಮೆರಿಕದವನು ದಪ್ಪ ಸಮ ಮಾಡುವುದನ್ನು. ಮೊದಲನೆಯದಕ್ಕೆ ಅಮೆರಿಕದಲ್ಲಿ ಜಾಯಿಂಟರ್ ಎಂದು ಹೆಸರು. ಆದ್ದರಿಂದ ಹೆಸರು ಬರೆದು ತರಿಸುವ ಬದಲು ಅಲಗಿನ ಉದ್ದ, ಅಗಲ, ದಪ್ಪ ಬರೆದು, ಕಾಗದದ ಮೇಲೆ ಅದರ ಸುತ್ತ ಗೆರೆ ಎಳೆದು ಕಳುಹಿಸುವುದು ಕ್ಷೇಮ. ಅಲಗುಗಳನ್ನು ಯಾವಾಗಲೂ ಪೂರ್ತಿ ಜೊತೆಯಾಗಿ ಕೊಳ್ಳಬೇಕು, ತೂಕವೂ ಸಮವಿರಬೇಕು. ಅಕ್ಕಸಾಲಿಗರ ತಕ್ಕಡಿಯಲ್ಲಿ ತೂಗಿಸಿ ನೋಡಿದರೆ ಅತಿಯಾಯಿತೆಂದು ಯಾರೂ ನಗಬೇಕಿಲ್ಲ. ನಮ್ಮ ಸಾಗವಾನಿಯಲ್ಲಿ ಮರಳಿನ ಜಾತಿಯ ಸೂಕ್ಷ್ಮ ಕಣಗಳಿರುವುದರಿಂದ ಅಲಗು ಬೇಗ ಮೊಂಡಾಗುತ್ತದೆ. ಎರಡು ಜೊತೆ ಇಟ್ಟುಕೊಳ್ಳುವುದು ಲೇಸು.

ನಿಜವಾಗಿ ದುರ್ಲಭವಾದವು ಎರಕದ ಭಾಗಗಳು: ಮೇಜು, ಅದನ್ನು ಏರಿಸಿ ಇಳಿಸುವ ಆಧಾರ, ಬೇರಿಂಗಿನ ಮನೆ, ಹಲಗೆಗೆ ಒತ್ತಾಸೆಯಾಗಿ ನಿಲ್ಲುವ ಫೆನ್ಸು. ಇವುಗಳಲ್ಲಿ ಒಂದು ಇಲ್ಲವೆಂದರೆ ಕೊಳ್ಳುವ ಮುಂಚೆಯೇ ಯೋಚಿಸಬೇಕು. ಬೀಡಿನ ಮೇಜಿನಲ್ಲಿ ಬಿರುಕಿದೆಯೇ ಎಂದು ತಿಳಿಯಲು ಸೀಮೆಎಣ್ಣೆ ಸವರಿ, ಚೆನ್ನಾಗಿ ಒರೆಸಿ, ಸುಣ್ಣದಕಡ್ಡಿಯ ಪುಡಿ ಉದುರಿಸಬೇಕು. ಬಿರುಕಿದ್ದರೆ ಸ್ವಲ್ಪ ಹೊತ್ತಿನಲ್ಲಿ ಒದ್ದೆಗೆರೆ ಮೂಡುತ್ತದೆ. ಇಷ್ಟಾಗಿಯೂ ಹೊಸ ಎರಕ ಅಸಾಧ್ಯವೇನಲ್ಲ. ಬೆಳಗಾವಿ ಎರಕಕ್ಕೆ ಹೆಸರಾದ ಊರು. ಎರಕಕ್ಕೆ ಮೊದಲು ಬೇಕಾದದ್ದು ಮರದ ಅಚ್ಚು. ಅದನ್ನು ಮಾಡಬಲ್ಲ ಕೈ ನಮ್ಮ ಮೂರು ತಾಲೂಕುಗಳಲ್ಲಿ ಎಷ್ಟು ಬೇಕಾದರೂ ಇವೆ. ಬೀಡು ತಣಿಯುವಾಗ ನೂರಕ್ಕೆ ಸುಮಾರು ಒಂದು ಪಾಲು ಕುಗ್ಗುವುದರಿಂದ ಅಚ್ಚನ್ನು ಅಷ್ಟು ದೊಡ್ಡದಾಗಿ ಕೆತ್ತಬೇಕು, ಉಜ್ಜಿ ನಯಮಾಡುವ ಮೈಗಳಿಗೆ ಇನ್ನಷ್ಟು ಬಿಡಬೇಕು. ಮರಳಿನಿಂದ ಸಲೀಸಾಗಿ ಹೊರಬರುವಂತೆ ಬದಿಗಳಿಗೆ ಸ್ವಲ್ಪ ಓರೆ ಕೊಡಬೇಕು. ಮರದ ಯಂತ್ರವನ್ನು ಮರದಿಂದಲೇ ಬದುಕಿಸುವ ಈ ಕೆಲಸವನ್ನು ಮರಗೆಲಸದ ವಿದ್ಯಾರ್ಥಿಗಳಿಗೆ ಪಾಠವಾಗಿ ಇಡಬಹುದೆಂದು ನನ್ನ ಅಭಿಪ್ರಾಯ.

ದಾನಿಗಳಲ್ಲಿ ಒಂದು ವಿಜ್ಞಾಪನೆ. ಯಂತ್ರ ಕೊಡುವಾಗ ಅದರ ಜೊತೆಗಿದ್ದ ಡಬ್ಬಿಯನ್ನೂ ಕೊಡಬೇಕು. ಗುಜರಿಗೆ ಹೋದ ಆ ಡಬ್ಬಿಯಲ್ಲೇ ಬೈರಿಗೆಯ ಚಕ್ಕಿನ ಕೀಲಿ, ಅಲಗಿನ ಬಿಗಿಪಟ್ಟಿ, ಗರಗಸದ ವಾಷರುಗಳು ಇರುತ್ತವೆ. ದಿಂಡು ದುಂಡಾಗಿರದೆ ಚೌಕವಾಗಿದ್ದರೆ ಆ ಯಂತ್ರ ಶಾಲೆಗೆ ಬೇಡವೇ ಬೇಡ. ಬೆರಳು ಒಳಹೋಗುವಷ್ಟು ಕಂದಕ ಅಲ್ಲಿರುತ್ತದೆ. ಕೈಯಿಂದ ನೂಕುವ ಯಂತ್ರಗಳಲ್ಲಿ ಅದನ್ನು ಇಂಗ್ಲೆಂಡಿನ ನಿಯಮಾವಳಿ 1922ರಲ್ಲಿಯೇ ನಿಷೇಧಿಸಿತ್ತು. ದಿಂಡಿನ ಮೇಲಿನ ಮುಚ್ಚಳ ಮತ್ತು ಗರಗಸದ ಕವಚ ಕಳೆದುಹೋಗಿದ್ದರೆ ಬಣ್ಣಕ್ಕೆ ಹಾಕುವ ಹಣವನ್ನು ಮೊದಲು ಅದಕ್ಕೆ ಹಾಕಬೇಕು. ಗರಗಸವಿರುವ ಯಂತ್ರವನ್ನು ಕೂರಿಸುವ ಮುನ್ನ ಅರಣ್ಯ ಇಲಾಖೆಯ ಕಛೇರಿಯಲ್ಲಿ ವಿಚಾರಿಸುವುದೂ ಅವಶ್ಯ. 1963ರ ಕರ್ನಾಟಕ ಅರಣ್ಯ ಅಧಿನಿಯಮವಲ್ಲದೆ, ಸರ್ವೋಚ್ಚ ನ್ಯಾಯಾಲಯದ 1996ರ ಡಿಸೆಂಬರ್ 12ರ ಆದೇಶದ ನಂತರ ಸಾಮಿಲ್ಲುಗಳ ಮೇಲೆ ನಿಗಾ ಬಿಗಿಯಾಗಿದೆ. ಮರಾಧಾರಿತ ಉದ್ಯಮಗಳಿಗೆ 2016ರಲ್ಲಿ ಕೇಂದ್ರದ ಮಾರ್ಗಸೂಚಿಯೂ ಬಂದಿದೆ.

ಕೊನೆಗೆ ನಮ್ಮ ಮಳೆಗಾಲ. ಜೂನಿನಿಂದ ಸೆಪ್ಟೆಂಬರಿನವರೆಗೆ ಮೇಜಿನ ಮೇಲೆ ಬಿಟ್ಟ ಮರದ ಹುಡಿ ತೇವ ಹೀರಿ ಒಂದೇ ರಾತ್ರಿಯಲ್ಲಿ ತುಕ್ಕು ತರುತ್ತದೆ. ಸಂಜೆ ಹುಡಿ ಗುಡಿಸಿ ಎಣ್ಣೆಬಟ್ಟೆಯಿಂದ ಒರೆಸಬೇಕು. ಮಳೆಗಾಲವಿಡೀ ನಿಂತಿದ್ದ ಮೋಟಾರನ್ನು ವೈಂಡಿಂಗ್ ಮಾಡುವವನಿಂದ ಮೆಗ್ಗರ್ ಹಚ್ಚಿಸಿ ಪರೀಕ್ಷಿಸಿದ ನಂತರವೇ ಓಡಿಸಬೇಕು. ಬೇರಿಂಗಿನ ಸಂಖ್ಯೆ, ಬೆಲ್ಟಿನ ಸಂಖ್ಯೆ, ಅಲಗಿನ ಅಳತೆ, ಪುಲ್ಲಿಗಳ ವ್ಯಾಸ, ಮೋಟಾರಿನ ಸುತ್ತು, ಈ ಐದನ್ನು ಒಂದು ಹಲಗೆಯ ಮೇಲೆ ಬಣ್ಣದಿಂದ ಬರೆದು ಯಂತ್ರದ ಹಿಂದಿನ ಗೋಡೆಗೆ ತೂಗುಹಾಕಿದರೆ, ಮುಂದೆ ಆ ಕೋಣೆಗೆ ಬರುವ ಅಧ್ಯಾಪಕರು ಶೋಧವನ್ನು ಮೊದಲಿನಿಂದ ಆರಂಭಿಸಬೇಕಾಗುವುದಿಲ್ಲ.