ನಡುರಾತ್ರಿ ಮನೆಯೊಳಗೆ ಸದ್ದಾದರೆ



ಊರಿನಲ್ಲಿ ರಾತ್ರಿ ಹೊತ್ತು "ಕಳ್ಳ! ಕಳ್ಳ!" ಎಂದು ಕೂಗಿದರೆ ಬೀದಿಯ ಜನವೆಲ್ಲ ಬಡಿಗೆ ಹಿಡಿದು ಓಡಿಬರುತ್ತಿದ್ದರು. ಮಹಾನಗರದ ಫ್ಲ್ಯಾಟಿನಲ್ಲಿ ಎದುರುಮನೆಯವರ ಹೆಸರೂ ಎಷ್ಟೋ ಸಲ ನಮಗೆ ಗೊತ್ತಿರುವುದಿಲ್ಲ. ಹಾಗಿರುವಾಗ ನಡುರಾತ್ರಿ ಯಾರೋ ಒಳಗೆ ನುಗ್ಗಿದ ಸದ್ದಾದರೆ ಏನು ಮಾಡಬೇಕು?

ಮೊದಲನೆಯದಾಗಿ, ಹುಡುಕಿಕೊಂಡು ಹೋಗಬೇಡಿ. ಬಂದವರು ಎಷ್ಟು ಜನ, ಕೈಯಲ್ಲಿ ಏನಿದೆ ಎಂಬುದು ಕತ್ತಲಲ್ಲಿ ತಿಳಿಯದು. ಸಹಾಯ ಬರುವ ತನಕ ಅವರಿಗೂ ನಿಮಗೂ ನಡುವೆ ಒಂದು ಗಟ್ಟಿ ಬಾಗಿಲಿರಲಿ. ಮನೆಮಂದಿಯೆಲ್ಲ ಒಂದೇ ಕೋಣೆಯಲ್ಲಿ ಸೇರಿ, ಚಿಲಕ ಹಾಕಿ, ಮಂಚವನ್ನೋ ಮೇಜನ್ನೋ ಬಾಗಿಲಿಗೆ ಒತ್ತಿಡಿ. ಅದು ಯಾವ ಕೋಣೆ ಎಂಬುದನ್ನು ಇಂದೇ ಮಾತಾಡಿಕೊಳ್ಳಿ. ಮಕ್ಕಳು, ವಯಸ್ಸಾದವರು ಮಲಗುವ ಕೋಣೆಯಾದರೆ ಒಳ್ಳೆಯದು. ಅವರನ್ನು ಎಬ್ಬಿಸಿ ಕರೆತರುವ ಹೊತ್ತು ಉಳಿಯುತ್ತದೆ.

ಮೊಬೈಲು ಹಾಸಿಗೆಯ ಪಕ್ಕದಲ್ಲೇ ಇರಲಿ. 112ಕ್ಕೆ ಕರೆ ಮಾಡಿ, ಮೊದಲು ವಿಳಾಸ ಹೇಳಿ, ಆಮೇಲೆ ಉಳಿದದ್ದು. ಎದೆ ಹೊಡೆದುಕೊಳ್ಳುವಾಗ ಬೇರೆ ಭಾಷೆ ಬಾಯಿಗೆ ಬರುವುದಿಲ್ಲ. ಊರಿನಿಂದ ಬಂದ ಅಮ್ಮನಿಗಂತೂ ಆ ಭಾಷೆಯೇ ಹೊಸದು. ಆದ್ದರಿಂದ ಮನೆಯ ವಿಳಾಸ, ಹತ್ತಿರದ ಗುರುತು, ಒಂದು ವಾಕ್ಯ, ಇಷ್ಟನ್ನು ಕನ್ನಡ ಅಕ್ಷರದಲ್ಲೇ ಬರೆದು ಗೋಡೆಗೆ ಅಂಟಿಸಿಡಿ. ಮುಂಬಯಿ, ಪುಣೆಯಲ್ಲಿ "ಘರಾತ್ ಚೋರ್ ಶಿರ್‌ಲಾ ಆಹೇ". ದಿಲ್ಲಿಯಲ್ಲಿ "ಘರ್ ಮೇ ಚೋರ್ ಘುಸಾ ಹೈ". ಚೆನ್ನೈ, ಹೈದರಾಬಾದಿನವರು ನೆರೆಯವರನ್ನು ಕೇಳಿ ಬರೆದುಕೊಳ್ಳಿ. ನೆರೆಯವರ ಪರಿಚಯವೂ ಆಗುತ್ತದೆ! ಅವರ ಮತ್ತು ವಾಚ್‌ಮನ್‌ನ ನಂಬರೂ ಅದೇ ಚೀಟಿಯಲ್ಲಿರಲಿ.

ಕೋಣೆ ಭದ್ರವಾದ ಮೇಲೆ ದೀಪ ಹಾಕಿ, ಪೊಲೀಸರಿಗೆ ಫೋನು ಮಾಡಿದ್ದೇವೆಂದು ಜೋರಾಗಿ ಕೂಗಿ. ಕದಿಯಲು ಬಂದವನಿಗೆ ಗದ್ದಲ ಬೇಡ. ಅವನು ಓಡಿಹೋಗುವ ದಾರಿಗೆ ಅಡ್ಡ ನಿಲ್ಲಬೇಡಿ, ಬೆನ್ನಟ್ಟಲೂ ಬೇಡಿ. ಪೊಲೀಸರು ಬರುವ ತನಕ ಕಪಾಟು, ಬಾಗಿಲು ಮುಟ್ಟದಿದ್ದರೆ ಬೆರಳಚ್ಚು ಉಳಿಯುತ್ತದೆ.

ಅವನು ಮೇಲೆ ಬಿದ್ದರೆ? ಪ್ರಾಣ, ಆಸ್ತಿ ಉಳಿಸಿಕೊಳ್ಳುವ ಹಕ್ಕು ನಿಮಗಿದೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ರವರೆಗಿನ ಕಲಮುಗಳು ಇದನ್ನೇ ಹೇಳುತ್ತವೆ. ರಾತ್ರಿ ಕನ್ನ ಹಾಕಿ ನುಗ್ಗುವವರ ವಿಷಯದಲ್ಲಿ ಈ ಹಕ್ಕು ಇನ್ನೂ ವಿಸ್ತಾರವಾಗಿದೆ. ಆದರೆ ರಕ್ಷಣೆಗೆ ಬೇಕಾದಷ್ಟೇ ಬಲ ಬಳಸಬೇಕು. ಸಿಕ್ಕಿಬಿದ್ದವನನ್ನು ಕಟ್ಟಿಹಾಕಿ ಬಡಿದರೆ ಅಪರಾಧ ನಿಮ್ಮದಾಗುತ್ತದೆ.

ಕೊನೆಗೊಂದು ಎಚ್ಚರಿಕೆ. ಕಿಟಕಿ ಗ್ರಿಲ್ಲಿಗೆ ಬೀಗವಿದ್ದರೆ, ಅದರ ಕೀಲಿ ಎಲ್ಲರಿಗೂ ಗೊತ್ತಿರುವ ಜಾಗದಲ್ಲಿರಲಿ. ಕಳ್ಳನನ್ನು ತಡೆಯುವ ಗ್ರಿಲ್ಲು, ಬೆಂಕಿ ಬಿದ್ದ ದಿನ ನಮ್ಮನ್ನೂ ತಡೆದೀತು. ಇಂದು ರಾತ್ರಿ ಊಟವಾದ ಮೇಲೆ ಹತ್ತು ನಿಮಿಷ ಕೂತು ಆ ಚೀಟಿ ಬರೆದುಬಿಡಿ. ಹೋದ ಒಡವೆ ಮತ್ತೆ ಮಾಡಿಸಬಹುದು, ಮನೆಯವರು ಕ್ಷೇಮವಾಗಿರಲಿ.