ಮೂವರೂ ಸಮನಾದರೆ ಯಾರು ಮುಂದೆ?

ಗ್ರಾಂಟ್ ರೋಡಿನಲ್ಲಿ ಲೋಕಲ್ ಹತ್ತಿ ಚರ್ಚ್‌ಗೇಟಿಗೆ ಕೆಲಸಕ್ಕೆ ಹೋಗುವ ನಮಗೆ ಚರ್ನಿ ರೋಡ್ ದಾಟಿದೊಡನೆ ಬಲಗಡೆ ಜಿಮ್ಖಾನಾ ಮೈದಾನಗಳು ಕಾಣುತ್ತವಷ್ಟೆ. ಇಳಿದು ಆಟ ನೋಡುವ ಬಿಡುವು ನಮಗೆಲ್ಲಿ? ಆದರೆ ಸಂಜೆ ವಾಚನಾಲಯದಲ್ಲಿ ಮೊದಲು ಕೈ ಬದಲಾಗುವುದು ಕ್ರೀಡಾಪುಟವೇ. ಅದನ್ನೋದುವಾಗ ಏಳುವ ಪ್ರಶ್ನೆಯೊಂದಿದೆ: ಅವನೂ ಎರಡು ಗೆದ್ದ, ಇವನೂ ಎರಡು ಗೆದ್ದ, ಇವನೇಕೆ ಹೊರಗೆ?

ಸೋತವರು ಕೂಡಲೇ ಮನೆಗೆ ಹೋಗುವ ಪಂದ್ಯಾವಳಿಯಲ್ಲಿ ಈ ತಕರಾರಿಲ್ಲ. ಗುಂಪಿನವರೆಲ್ಲ ಪರಸ್ಪರ ಆಡುವ ರೌಂಡ್ ರಾಬಿನ್ನಿನಲ್ಲಿ ಮಾತ್ರ ಇದು ಬರುತ್ತದೆ. ಟೆನಿಸ್‌ನ ವರ್ಷಾಂತ್ಯದ ಎಟಿಪಿ ಫೈನಲ್ಸ್ ನಡೆಯುವುದು ಹೀಗೆಯೇ. ನಾಲ್ವರ ಗುಂಪಿನಿಂದ ಇಬ್ಬರು ಸೆಮಿಫೈನಲ್ಲಿಗೆ. ನಮ್ಮ ಕೊಡಗಿನ ರೋಹನ್ ಬೋಪಣ್ಣ 2012ರಲ್ಲಿ ಮಹೇಶ್ ಭೂಪತಿಯವರೊಡನೆ ಇಂಥ ಗುಂಪನ್ನು ದಾಟಿಯೇ ಡಬಲ್ಸ್ ಫೈನಲ್ ಮುಟ್ಟಿದರು.

ಮೊದಲು ಗೆಲುವುಗಳ ಎಣಿಕೆ. ಇಬ್ಬರೇ ಸಮನಾದರೆ ತಮ್ಮೊಳಗಿನ ಪಂದ್ಯ ಗೆದ್ದವನು ಮುಂದೆ, ಇದರಲ್ಲಿ ಜಗಳವಿಲ್ಲ. ಮೂವರು ಸಮನಾದಾಗ ತೊಡಕು. ಒಬ್ಬ ಗುಮಾಸ್ತ, ಒಬ್ಬ ಹೋಟೆಲಿನವ, ಒಬ್ಬ ಪ್ರೆಸ್ಸಿನವ ಆಡಿದರೆನ್ನೋಣ. ಗುಮಾಸ್ತ ಹೋಟೆಲಿನವನನ್ನು 2–0ರಿಂದ ಸೋಲಿಸಿದ. ಹೋಟೆಲಿನವ ಪ್ರೆಸ್ಸಿನವನನ್ನು 2–1ರಿಂದ; ಪ್ರೆಸ್ಸಿನವ ಗುಮಾಸ್ತನನ್ನು 2–1ರಿಂದ. ಎಲ್ಲರಿಗೂ ಒಂದೊಂದೇ ಗೆಲುವು. ಆಗ ಆಡಿದ ಸೆಟ್ಟುಗಳಲ್ಲಿ ಗೆದ್ದದ್ದು ಶೇಕಡ ಎಷ್ಟೆಂದು ನೋಡುತ್ತಾರೆ. ಗುಮಾಸ್ತ 5ರಲ್ಲಿ 3, ಅಂದರೆ 60; ಪ್ರೆಸ್ಸಿನವ 6ರಲ್ಲಿ 3, ಅಂದರೆ 50; ಹೋಟೆಲಿನವ 5ರಲ್ಲಿ 2, ಅಂದರೆ 40. ತಾನು ಸೋಲಿಸಿದವನ ಹಿಂದೆಯೇ ಹೋಟೆಲಿನವ ನಿಲ್ಲಬೇಕಾಯಿತು! ಸೆಟ್ಟುಗಳಲ್ಲೂ ಸಮನಾದರೆ ಗೇಮುಗಳ ಶೇಕಡ ಲೆಕ್ಕ. ಆದುದರಿಂದ ಸೋಲುವ ಪಂದ್ಯದಲ್ಲೂ ಒಂದು ಸೆಟ್ ಕಿತ್ತುಕೊಂಡವನಿಗೆ ನಷ್ಟವಿಲ್ಲ.

ಆಟಗಾರ ನಡುವೆ ನಿಲ್ಲಿಸಿಬಿಟ್ಟರೆ? 2007ರಲ್ಲಿ ಅಮೆರಿಕದ ಲಾಸ್ ವೇಗಸ್‌ನಲ್ಲಿ ಹೀಗಾಯಿತು. ಮೂವರ ಗುಂಪು. ಜೇಮ್ಸ್ ಬ್ಲೇಕ್ ಮುಂದೆ ಹೋಗಲು ಡೆಲ್ ಪೊಟ್ರೊನನ್ನು ನೇರ ಸೆಟ್ಟುಗಳಲ್ಲಿ, ಐದಕ್ಕಿಂತ ಹೆಚ್ಚು ಗೇಮ್ ಬಿಟ್ಟುಕೊಡದೆ, ಗೆಲ್ಲಬೇಕಿತ್ತು. 6–1, 3–1 ಮುಂದಿರುವಾಗ ಎದುರಾಳಿ ಅಸ್ವಸ್ಥನಾಗಿ ಆಟ ಬಿಟ್ಟ. ಪೂರ್ತಿಯಾಗದ ಪಂದ್ಯದ ಗೇಮುಗಳನ್ನು ಎಣಿಸುವಂತಿಲ್ಲವೆಂಬ ನಿಯಮದಿಂದ, ಬ್ಲೇಕನನ್ನು ಮೊದಲೇ ಸೋಲಿಸಿದ್ದ ಕೊರೊಲೆವ್ ಮುಂದಾಗಬೇಕಿತ್ತು. ಅಧಿಕಾರಿಗಳು ಮೊದಲು ಬ್ಲೇಕನೇ ಎಂದರು. ಮರುದಿನ ಮಾತು ತಿರುಗಿಸಿ ಕೊರೊಲೆವ್ ಎಂದರು. ನಮ್ಮ ಅಭಿಪ್ರಾಯದಲ್ಲಿ ನಿಯಮಕ್ಕಿಂತ ಈ ತಿರುಗಿಸಾಟವೇ ದೊಡ್ಡ ಅನ್ಯಾಯ.

ಕೇರಂ ಆಗಲಿ ಟೇಬಲ್ ಟೆನಿಸ್ ಆಗಲಿ, ನಮ್ಮವರು ಗುಂಪು ಮಾಡಿ ಆಡಿಸುವಾಗ ಅರ್ಧ ದಿನದ ಸಂಬಳ ಬಿಟ್ಟು ಬಂದವನೂ ಅಲ್ಲಿರುತ್ತಾನೆ. ಸಮನಾದರೆ ಏನು, ನಡುವೆ ಬಿಟ್ಟರೆ ಏನು ಎಂಬೆರಡು ಸಾಲನ್ನು ಮೊದಲ ಪಂದ್ಯಕ್ಕೆ ಮುಂಚೆ ಫಲಕದ ಮೇಲೆ ಬರೆದು ಹಾಕಿರಿ. ಬರೆಯುವ ಸೀಮೆಸುಣ್ಣ ವಾಚನಾಲಯದ ಮೇಜಿನ ಖಾನೆಯಲ್ಲಿದೆ.