ಅರ್ಧ ರೆಕ್ಕೆಯಿಂದ ಏನು ಲಾಭ?

ಪ್ರಶ್ನೆ: ತೇಜಸ್ವಿಯವರ ‘ಕರ್ವಾಲೊ’ದ ಹಾರುವ ಓತಿ ವಿಕಾಸವಾದಕ್ಕೆ ಸಾಕ್ಷಿಯೇ? ಅರ್ಧ ಬೆಳೆದ ರೆಕ್ಕೆ ಯಾವ ಪ್ರಾಣಿಗೆ ಉಪಯೋಗ? ದೇವರೇ ಪೂರ್ತಿ ಕೊಟ್ಟಿರಬೇಕಲ್ಲವೇ? – ಓದುಗರು, ಝುವಾರಿನಗರ, ಗೋವಾ

1980ರ ಆ ಕಾದಂಬರಿ ಕಲ್ಪನೆ. ಹಾರುವ ಓತಿ ಮಾತ್ರ ನಿಜ. ಪಶ್ಚಿಮಘಟ್ಟದ ಕಾಡು, ಅಡಿಕೆ ತೋಟಗಳಲ್ಲಿ ಈಗಲೂ ಇದೆ. ಕೊಡೆಯ ಕಡ್ಡಿಗಳು ಬಟ್ಟೆಯನ್ನು ಬಿಡಿಸುವಂತೆ ಅದರ ಉದ್ದನೆಯ ಪಕ್ಕೆಲುಬುಗಳು ಮೈಯಂಚಿನ ಚರ್ಮವನ್ನು ಹರಡುತ್ತವೆ. ಓತಿ ಮರದಿಂದ ಮರಕ್ಕೆ ತೇಲುತ್ತದೆ. ಇಲ್ಲಿ ಹೊಸ ಅಂಗವೇನೂ ಹುಟ್ಟಿಲ್ಲ, ಬೇರೆ ಓತಿಗಳಿಗೂ ಇರುವ ಪಕ್ಕೆಲುಬೇ ನೀಳವಾಗಿದೆ. ‘ಅರ್ಧ ರೆಕ್ಕೆ’ಯ ಆಕ್ಷೇಪ ಸೋಲುವುದು ಇಲ್ಲೇ. ಚರ್ಮ ತುಸು ಅಗಲವಾದರೂ ಬೀಳುವ ವೇಗ ತಗ್ಗುತ್ತದೆ, ಜಿಗಿತ ದೂರ ಸಾಗುತ್ತದೆ; ಹಾಗೆ ಬದುಕುಳಿದವು ಹೆಚ್ಚು ಮರಿ ಮಾಡಿದಾಗ ಆ ಅಗಲ ತಲೆಮಾರುಗಳಲ್ಲಿ ಬೆಳೆಯುತ್ತದೆ. ಇದರಿಂದ ದೇವರಿಲ್ಲವೆಂದು ಸಾಬೀತಾಗದು, ಅದು ವಿಜ್ಞಾನ ಕೇಳುವ ಪ್ರಶ್ನೆಯೇ ಅಲ್ಲ. ಆದರೆ ಪ್ರತಿ ಜೀವಿಯೂ ಈಗಿರುವ ರೂಪದಲ್ಲೇ ಒಮ್ಮೆಲೇ ಸೃಷ್ಟಿಯಾಯಿತೆಂಬ ವಾದ ಈ ಪಕ್ಕೆಲುಬುಗಳ ಮುಂದೆ ನಿಲ್ಲದು.